ಕಾನೂನು ಬಿಗಿಯಾದ್ರೆ ಹೊಗೆ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಒಂದು ದೇಶ ಪರಿಸರ ಕಾನೂನು ಬಿಗಿ ಮಾಡಿದ್ರೆ ಫ್ಯಾಕ್ಟರಿಗಳು ಸಡಿಲ ಕಾನೂನು ಇರೋ ಕಡೆ ಎದ್ದು ಹೋಗ್ತಾವಂತೆ, ಹಂಗಾದ್ರೆ ಕಾನೂನು ಮಾಡಿ ಏನ್ ಬಂತು ಸಾರ್?

ಉತ್ತರ: ಎಲ್ಲಾ ಎದ್ದು ಹೋಗಲ್ಲ. 1991ರಲ್ಲೇ ಗ್ರಾಸ್‌ಮನ್, ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕ-ಮೆಕ್ಸಿಕೋ ವ್ಯಾಪಾರ ನೋಡಿದಾಗ, ಮಾಲಿನ್ಯ ತಡೆಯೋ ಖರ್ಚಿನಿಂದ ವ್ಯಾಪಾರದ ದಿಕ್ಕೇನೂ ಅಷ್ಟಾಗಿ ಬದಲಾಗಿರಲಿಲ್ಲ. ಯಾಕಂದ್ರೆ ಬಹುತೇಕ ಉದ್ಯಮಗಳಲ್ಲಿ ಆ ಖರ್ಚು ಒಟ್ಟು ಖರ್ಚಿನಲ್ಲಿ ಸಣ್ಣದು, ಕೂಲಿ, ಕರೆಂಟು, ಕಚ್ಚಾ ಮಾಲು, ಬಂದರು ಇವೇ ದೊಡ್ಡವು. ಸಿಮೆಂಟ್‌ನಂಥ ಭಾರದ ಮಾಲನ್ನ ದೂರದಿಂದ ಹೊತ್ತು ತರೋಕೆ ಹೋದ್ರೆ ಸಾಗಣೆಗೇ ದುಡ್ಡೆಲ್ಲ ಹೋಗುತ್ತೆ.

ಆದ್ರೆ ನಿಮ್ಮ ಭಯ ಸುಳ್ಳಲ್ಲ. ಫ್ಯಾಕ್ಟರಿ ಹೋಗದಿದ್ರೂ ಅದರೊಳಗಿನ ಗಲೀಜು ಕೆಲಸ ಮಾತ್ರ ಗಡಿ ದಾಟುತ್ತೆ, ನನಗೆ ಸಂಕಟ ಆಗೋದು ಇಲ್ಲೇ. ಹಳೇ ಕಾರ್ ಬ್ಯಾಟರಿ ಒಡೆದು ಸೀಸ ಕರಗಿಸೋ ಕೆಲಸ ತಗೊಳ್ಳಿ. ಗಾಳಿಯಲ್ಲಿ ಸೀಸ ಎಷ್ಟಿರಬಹುದು ಅನ್ನೋ ಮಿತೀನ ಅಮೆರಿಕ 2008ರಲ್ಲಿ ಘನ ಮೀಟರಿಗೆ 1.5 ಮೈಕ್ರೋಗ್ರಾಂನಿಂದ 0.15ಕ್ಕೆ ಇಳಿಸ್ತು, ಒಳ್ಳೇ ಕೆಲಸಾನೇ, ಆದ್ರೆ ಆಮೇಲೆ ಹಳೇ ಬ್ಯಾಟರಿಗಳು ಮೆಕ್ಸಿಕೋಗೆ ಜಾಸ್ತಿ ಹೋಗೋಕೆ ಶುರುವಾದ್ವು, ಅಲ್ಲಿನ ಸೀಸದ ಘಟಕಗಳ ಹತ್ತಿರ ಕಡಿಮೆ ತೂಕದ ಮಕ್ಕಳು ಹುಟ್ಟೋದು ಹೆಚ್ಚಾಯ್ತು ಅಂತ ಮುಂದೆ ಅಧ್ಯಯನ ಮಾಡಿದವರು ತೋರಿಸಿದ್ರು. ಒಂದು ಕಡೆ ಮಕ್ಕಳ ಉಸಿರು ಹಗುರಾಯ್ತು, ಇನ್ನೊಂದು ಕಡೆ ಹುಟ್ಟೋ ಮಕ್ಕಳೇ ಬಡವಾದ್ವು. 2018ರಲ್ಲಿ ಚೀನಾ ಪ್ಲಾಸ್ಟಿಕ್ ಕಸ ಬೇಡ ಅಂದಾಗಲೂ ಹಂಗೇ, ಆ ಹಡಗುಗಳು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್ ಕಡೆ ತಿರುಗಿದ್ವು.

ಪ್ರಶ್ನೆ: ಯುರೋಪಿನ ಇಂಗಾಲ ಶುಲ್ಕ ಇದಕ್ಕೆ ಮದ್ದಾ?

ಉತ್ತರ: ಅರ್ಧ ಮದ್ದು. ಹೊರದೇಶದಿಂದ ಯುರೋಪಿಗೆ ಬರೋ ಮಾಲು ತಯಾರಾಗುವಾಗ ಎಷ್ಟು ಇಂಗಾಲ ಬಿಟ್ಟಿತ್ತೋ ಅದರ ಮೇಲೆ ಹಾಕೋ ಶುಲ್ಕ ಇದು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ ಇಷ್ಟಕ್ಕೂ ಅಕ್ಟೋಬರ್ 2023ರಿಂದ ಬರೀ ಲೆಕ್ಕ ಕೇಳ್ತಿದ್ರು, 2026ರ ಜನವರಿಯಿಂದ ದುಡ್ಡಿನ ಹೊಣೆಯೂ ಶುರು. ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ರೆ ಅಷ್ಟನ್ನ ಕಳೀತಾರೆ, ಅದು ನ್ಯಾಯ. ಆದ್ರೆ ಇದು ಲೆಕ್ಕ ಹಾಕೋದು ಹಸಿರುಮನೆ ಅನಿಲಾನ, ಬ್ಯಾಟರಿಯ ಸೀಸ ಇದರ ಲೆಕ್ಕಕ್ಕೇ ಬರಲ್ಲ. ಅಲ್ದೆ ಬಡ ದೇಶದ ಸಣ್ಣ ಫ್ಯಾಕ್ಟರಿಯವನು ಎಷ್ಟು ಹೊಗೆ ಬಿಟ್ಟೆ ಅಂತ ಅಳೆದು ದಾಖಲೆ ಕೊಡೋ ಹೊತ್ತಿಗೇ ಸುಸ್ತಾಗ್ತಾನೆ. ಹಂಗಾಗಿ ವಸೂಲಾದ ದುಡ್ಡಲ್ಲಿ ಒಂದು ಪಾಲು ಆ ಫ್ಯಾಕ್ಟರಿಗಳ ಕುಲುಮೆ ಬದಲಾಯಿಸೋಕೆ ವಾಪಸ್ ಹೋಗ್ಬೇಕು ಅಂತ ನಾನಂತೂ ಗಟ್ಟಿಯಾಗಿ ಹೇಳ್ತೀನಿ.