ರಾಜಾಜಿ ನಿಜಕ್ಕೂ ಸಂಪ್ರದಾಯವಾದಿ ರಾಜಕಾರಣಿನಾ? ಇವತ್ತಿನ ಬಿಜೆಪಿ ಅವರ ವಾರಸುದಾರನಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಸೂರು ಕಡೆಯವನು. ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ, ಹುಟ್ಟಿದ ತೊರಪಳ್ಳಿ ನಮಗೆ ಹತ್ತಿರ. ಆ ಮನೆ ಈಗ ಸರ್ಕಾರಿ ಸ್ಮಾರಕ. ಹಾಗಾಗಿ ಅಭಿಮಾನ ಒಂಚೂರು ಇದ್ದೇ ಇದೆ, ಅದನ್ನು ಕಳೆದು ಓದಿಕೊಳ್ಳಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು. ಕಾಂಗ್ರೆಸ್ಸಿಗೆ ಬಲಪಂಥದ ಕಡೆಯಿಂದ ಒಂದು ವಿರೋಧ ಪಕ್ಷ ಬೇಕು ಅಂತ 1957ರ ಹೊತ್ತಿಗೇ ಬರೆದವರು ಅವರು. ಆದರೆ ಹಳೆಯದೆಲ್ಲ ಚಂದ ಅನ್ನುವ ಥರದ ಸಂಪ್ರದಾಯವಾದಿ ಅಲ್ಲ. 1939ರಲ್ಲಿ ಮದುರೆಯ ಮೀನಾಕ್ಷಿ ಗುಡಿಯ ಬಾಗಿಲು ದಲಿತರಿಗೆ ತೆರೆದಾಗ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟದ್ದು ಅವರದೇ ಸರ್ಕಾರ.

ಹುಟ್ಟಿದ್ದು 1878ರಲ್ಲಿ. ಓದಿದ್ದು ಹೊಸೂರು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕಾನೂನಿಗೆ ಮದ್ರಾಸು. ಮುಂದೆ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾದ ನವರತ್ನ ರಾಮರಾಯರು ಸೆಂಟ್ರಲ್ ಕಾಲೇಜಿನ ಗೆಳೆಯರು. ಆ ಸ್ನೇಹ ಕೊನೆವರೆಗೂ ಉಳಿಯಿತು. ಸೇಲಂನಲ್ಲಿ ವಕೀಲಿಕೆ, ಅಲ್ಲಿನ ಪುರಸಭೆಯ ಅಧ್ಯಕ್ಷಗಿರಿ, ಆಮೇಲೆ ಗಾಂಧಿ, ಜೈಲು. 1930ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ಹೊರಟರು. ಇವರಿಗೆ ಅನ್ನ, ಆಸರೆ ಕೊಟ್ಟವರಿಗೆ ಶಿಕ್ಷೆ ಅಂತ ತಂಜಾವೂರಿನ ಕಲೆಕ್ಟರ್ ಸಾರಿಸಿದ. ಜನ ಏನು ಮಾಡಿದರು ಗೊತ್ತಾ? ಅನ್ನದ ಪೊಟ್ಟಣಗಳನ್ನು ದಾರಿ ಬದಿಯ ಮರಗಳಿಗೆ ಕಟ್ಟಿ ಹೋದರು. ಕೊಟ್ಟವರು ಯಾರು ಅಂತ ಪೊಲೀಸರು ಯಾರನ್ನು ಹಿಡಿಯೋದು?

ಇಷ್ಟು ಜನಬೆಂಬಲ ಕಂಡ ಮನುಷ್ಯ ಜನರ ಹತ್ತಿರ ಓಟು ಕೇಳಿದ್ದು ತೀರಾ ಕಡಿಮೆ. ನನಗೆ ಅವರ ಇಡೀ ರಾಜಕೀಯ ಅರ್ಥವಾಗುವುದು ಇಲ್ಲಿಂದಲೇ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದಾಗ (ಆಗ ಮುಖ್ಯಮಂತ್ರಿಗೆ ಹಾಗನ್ನುತ್ತಿದ್ದರು) ಅವರು ಗೆದ್ದಿದ್ದು ಪದವೀಧರರಷ್ಟೇ ಓಟು ಹಾಕುವ ವಿಶ್ವವಿದ್ಯಾಲಯದ ಕ್ಷೇತ್ರದಿಂದ. ಪಶ್ಚಿಮ ಬಂಗಾಳದ ರಾಜ್ಯಪಾಲ, 1948ರಿಂದ 1950ರವರೆಗೆ ಗವರ್ನರ್ ಜನರಲ್, ಇವೆಲ್ಲ ನೇಮಕದ ಹುದ್ದೆಗಳು. 1952ರ ಚುನಾವಣೆಯಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ಕಮ್ಯುನಿಸ್ಟರು ಉಳಿದವರ ಜೊತೆ ಸೇರಿ ಸರ್ಕಾರ ಮಾಡುತ್ತಾರೆ ಅನ್ನುವ ಭಯ. ಆಗ ರಾಜ್ಯಪಾಲರು ರಾಜಾಜಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿ ಮಾಡಿದರು. ಇವತ್ತು ಯಾವ ರಾಜ್ಯಪಾಲರಾದರೂ ಹೀಗೆ ಮಾಡಿದರೆ ಟಿವಿಯವರು ವಾರಗಟ್ಟಲೆ ಬಿಡುತ್ತಿರಲಿಲ್ಲ, ಅಲ್ವಾ?

ತಮಗೆ ಸರಿ ಕಂಡದ್ದನ್ನು ಯಾರನ್ನೂ ಕೇಳದೆ ಮಾಡುವ ಸ್ವಭಾವ. ಅದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರು ಮಾಡಿದರು. ಹೆಂಡದ ವರಮಾನ ಕೈಬಿಟ್ಟಿತಲ್ಲ, ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ತಂದರು. ಅದೇ ಅವಧಿಯಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ, ವಿರೋಧಿಸಿದವರನ್ನು ಜೈಲಿಗೆ ಕಳಿಸಿದರು. ಅರವತ್ತರ ದಶಕದಲ್ಲಿ ಹಿಂದಿ ಹೇರಿಕೆಯನ್ನು ಬಲವಾಗಿ ವಿರೋಧಿಸಿದವರೂ ಇವರೇ!

1953ರ ಶಾಲಾ ಯೋಜನೆ ಮಾತ್ರ ಅವರನ್ನು ಮುಳುಗಿಸಿತು. ದುಡ್ಡು ಕಡಿಮೆ, ಮಕ್ಕಳು ಜಾಸ್ತಿ. ಅದಕ್ಕೆ ಹಳ್ಳಿ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆಯ ಎರಡು ಪಾಳಿ. ಉಳಿದ ಹೊತ್ತು ಮಗು ಮನೆಯ ಕಸುಬು ಕಲಿಯಲಿ ಅಂದರು. ಲೆಕ್ಕದ ಪುಸ್ತಕದಲ್ಲಿ ಸರಿ. ಆದರೆ ಕ್ಷೌರಿಕನ ಮಗ ಅಪ್ಪನ ಕತ್ತರಿಯನ್ನೇ ಹಿಡಿಯಬೇಕಾ? ಅಯ್ಯಂಗಾರಿ ಮುಖ್ಯಮಂತ್ರಿಯೊಬ್ಬರು ಇದನ್ನು ಹೇಳಿದರೆ ಕೇಳುವವರಿಗೆ ಏನನ್ನಿಸುತ್ತದೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ವಿರೋಧಿಗಳು ‘ಕುಲ ಕಲ್ವಿ’, ಅಂದರೆ ಕುಲದ ಓದು, ಅಂತ ಹೆಸರಿಟ್ಟರು. ಆ ಹೆಸರೇ ನಿಂತಿತು. 1954ರಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಮುಖ್ಯಮಂತ್ರಿಯಾಗಿ ಕಾಮರಾಜರು ಬಂದು ಯೋಜನೆ ಕೈಬಿಟ್ಟರು. ಈ ವಿಷಯದಲ್ಲಿ ನಾನು ರಾಜಾಜಿ ಪರ ವಾದ ಮಾಡಲಾರೆ.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಸುಮ್ನೆ ಮನೆಯಲ್ಲಿ ರಾಮಾಯಣ ಓದಿಕೊಂಡು ಇರುತ್ತಿದ್ದರು. ಇವರು ಹಾಗಲ್ಲ. 1959ರ ಜನವರಿಯಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ರೈತರು ಜಮೀನು ಒಟ್ಟು ಸೇರಿಸಿ ಉಳಬೇಕು ಅಂತ. ಎಂಬತ್ತು ದಾಟಿದ ರಾಜಾಜಿ ಅದೇ ವರ್ಷ ಎನ್.ಜಿ. ರಂಗಾ, ಮೀನೂ ಮಸಾನಿ ಮುಂತಾದವರ ಜೊತೆ ಸ್ವತಂತ್ರ ಪಕ್ಷ ಕಟ್ಟಿದರು. ಕಾರ್ಖಾನೆ ತೆರೆಯಲು, ಇದ್ದದ್ದನ್ನು ದೊಡ್ಡದು ಮಾಡಲು, ಎಲ್ಲಕ್ಕೂ ದೆಹಲಿಯ ಅಪ್ಪಣೆ ಬೇಕಿದ್ದ ಕಾಲ ಅದು. ‘ಲೈಸೆನ್ಸ್ ಪರ್ಮಿಟ್ ರಾಜ್’ ಅನ್ನುವ ಮಾತನ್ನು ಚಲಾವಣೆಗೆ ತಂದದ್ದು ಇವರು. ಪಕ್ಷ ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44 ಸ್ಥಾನ ಗೆದ್ದು ಅತಿದೊಡ್ಡ ವಿರೋಧ ಪಕ್ಷವಾಯಿತು. ಆದರೆ ಓಟು ತಂದವರಲ್ಲಿ ರಾಜಸ್ಥಾನ, ಒಡಿಶಾದ ಮಹಾರಾಜರು, ಮಹಾರಾಣಿಯರು ಜಾಸ್ತಿ. ಅವರಿಗೆ ಮಾರುಕಟ್ಟೆಯ ಸ್ವಾತಂತ್ರ್ಯಕ್ಕಿಂತ ತಮ್ಮ ಗದ್ದುಗೆಯ ಚಿಂತೆ ದೊಡ್ಡದಿತ್ತು ಅಂತ ನನ್ನ ಅನಿಸಿಕೆ. 1971ರ ಇಂದಿರಾ ಅಲೆಯಲ್ಲಿ ಉಳಿದದ್ದು 8. ನಮ್ಮ ಪಕ್ಕದ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಪಾಲಾದವು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು.

ಇನ್ನು ಬಿಜೆಪಿ ವಿಷಯ. ಅದರ ಬೇರು ಜನಸಂಘ ಅನ್ನುವ ಹಳೆಯ ಪಕ್ಷದಲ್ಲಿದೆ, ಸ್ವತಂತ್ರ ಪಕ್ಷದಲ್ಲಲ್ಲ. ಎರಡೂ ಕಾಂಗ್ರೆಸ್ಸನ್ನು ಬಲಗಡೆಯಿಂದ ಬೈಯುತ್ತಿದ್ದವು, ಅಷ್ಟೇ. ಜನಸಂಘ ಅಖಂಡ ಭಾರತ ಅನ್ನುತ್ತಿತ್ತು. ರಾಜಾಜಿ 1944ರಲ್ಲೇ ಜನಮತ ಕೇಳಿ ದೇಶ ಭಾಗ ಮಾಡುವ ಸೂತ್ರ ಮುಂದಿಟ್ಟು ಬೈಸಿಕೊಂಡಿದ್ದರು. ಜನಸಂಘಕ್ಕೆ ಅಣುಬಾಂಬ್ ಬೇಕಿತ್ತು. ಇವರು 1962ರಲ್ಲಿ ನಮ್ಮ ಗಾಂಧಿವಾದಿ ಆರ್.ಆರ್. ದಿವಾಕರರ ಜೊತೆ ವಾಷಿಂಗ್ಟನ್ನಿಗೆ ಹೋಗಿ, ಅಣು ಪರೀಕ್ಷೆ ನಿಲ್ಲಿಸಿ ಅಂತ ಅಮೆರಿಕದ ಅಧ್ಯಕ್ಷ ಕೆನಡಿಗೆ ಹೇಳಿ ಬಂದರು. 1964ರಲ್ಲಿ ಜೈಲಿನಿಂದ ಹೊರಬಂದ ಕಾಶ್ಮೀರದ ನಾಯಕ ಶೇಖ್ ಅಬ್ದುಲ್ಲಾ ಅಲ್ಲಿನ ಸಮಸ್ಯೆಯ ಮಾತಾಡಲು ಮದ್ರಾಸಿಗೆ ಇವರನ್ನೇ ಹುಡುಕಿಕೊಂಡು ಬಂದಿದ್ದರು.