ನಾಟಿ ಪೈರು ಇನ್ನೂ ಹಳದಿ, ಏಕೆ?

ಪ್ರಶ್ನೆ: ನಾವೂ ಪಕ್ಕದ ಗದ್ದೆಯವರೂ ಭತ್ತದ ಒಂದೇ ಮಧ್ಯಮಾವಧಿ ತಳಿಯನ್ನು ಒಂದೇ ದಿನ ನಾಟಿ ಮಾಡಿದೆವು. ಅವರ ಪೈರು ಆರನೆಯ ದಿನಕ್ಕೇ ಹಸಿರಾಯಿತು. ನಮ್ಮದು 12 ದಿನವಾದರೂ ಹಳದಿ. 10 ಚದರ ಮೀಟರ್ ಸಸಿಮಡಿಗೆ 2 ಕಿಲೋ ಬೀಜ ಚೆಲ್ಲಿ, ಸದಾ ನೀರು ನಿಲ್ಲಿಸಿದ್ದೆವು. ಕೀಳುವ ಮೂರು ದಿನ ಮೊದಲು ಯೂರಿಯಾ ಕೊಟ್ಟೆವು. ಸಸಿಗೆ 35 ದಿನವಾಗಿತ್ತು. ಗದ್ದೆಗೆ ಏನು ಕಡಿಮೆಯಾಗಿದೆ?

ಉತ್ತರ: ಗದ್ದೆಯನ್ನು ದೂರಬೇಡಿ, ಪೈರು ಸೊರಗಿದ್ದು ಮಡಿಯಲ್ಲೇ. ಅಷ್ಟು ಜಾಗಕ್ಕೆ ಅರ್ಧ ಕಿಲೋ ಬೀಜ ಸಾಕಿತ್ತು, ಹೆಚ್ಚೆಂದರೆ ಒಂದು ಕಿಲೋ. ಒತ್ತಾಗಿ ಬೆಳೆದ ಸಸಿಗಳು ಬೆಳಕಿಗಾಗಿ ಒಂದನ್ನೊಂದು ಮೀರಿ ಉದ್ದವಾಗುತ್ತವೆ, ಬುಡ ದಪ್ಪವಾಗುವುದಿಲ್ಲ. ನಾನು ಯಾವ ಮಡಿಗೆ ಹೋದರೂ ಮೊದಲು ಒಂದು ಸಸಿ ಕಿತ್ತು, ಅದರ ಬುಡವನ್ನು ಎರಡು ಬೆರಳ ನಡುವೆ ಹೊರಳಿಸುತ್ತೇನೆ. ಒಳ್ಳೆಯ ಸಸಿಯ ಬುಡ ತುಸು ಚಪ್ಪಟೆಯಾಗಿ, ಗಟ್ಟಿಯಾಗಿ ಸಿಗುತ್ತದೆ. ಒತ್ತಿನಲ್ಲಿ ಬೆಳೆದದ್ದು ನೂಲಿನಂತೆ ಜಾರುತ್ತದೆ.

ಆ ಬುಡದಲ್ಲೇ ಎಲ್ಲವೂ ಇದೆ. ಕೀಳುವಾಗ ಹಳೆಯ ಬೇರುಗಳಲ್ಲಿ ಬಹುಪಾಲು ಹರಿದುಹೋಗುತ್ತವೆ. ಹೊಸ ಬೇರು ಬುಡದ ಗೆಣ್ಣುಗಳಿಂದ ಹೊರಡಬೇಕು, ಅದಕ್ಕೆ ಬೇಕಾದ ಸಕ್ಕರೆ, ಪಿಷ್ಟವನ್ನು ಸಸಿ ಅಲ್ಲಿ ಕೂಡಿಟ್ಟಿರಬೇಕು. ನೀವು ಕೊನೆಯಲ್ಲಿ ಕೊಟ್ಟ ಯೂರಿಯಾ ಎಲೆಯನ್ನು ಕಡುಹಸಿರು ಮಾಡಿತು ನಿಜ, ಆದರೆ ಆ ದಾಸ್ತಾನು ಎಲೆ ಬೆಳೆಸಲು ಖರ್ಚಾಯಿತು. ಅಂಥ ಮೆತ್ತನೆಯ ಸಸಿ ಬಿಸಿಲುಗಾಳಿಗೆ ಬೇಗ ಬಾಡುತ್ತದೆ. ನಿಂತ ನೀರು ಸಸಿಯನ್ನು ಇನ್ನಷ್ಟು ಎಳಸಾಗಿ ಎತ್ತರಕ್ಕೆ ಎಳೆಯುತ್ತದೆ. ಏರುಮಡಿಯಲ್ಲಿ ತೇವವಷ್ಟೇ ಉಳಿಸಿ ಬೆಳೆಸಿದ ಸಸಿ ಗಿಡ್ಡವಾಗಿ ಕಂಡರೂ ಬೇಗ ಬೇರು ಬಿಡುತ್ತದೆ.

ವಯಸ್ಸೂ ಮೀರಿತು. ಮಧ್ಯಮಾವಧಿ ತಳಿಯನ್ನು 21ರಿಂದ 25 ದಿನದೊಳಗೆ ಕೀಳಬೇಕು. ಆಮೇಲೆ ಮಡಿಯಲ್ಲಿ ಕಳೆದ ಪ್ರತಿ ದಿನವೂ ಗದ್ದೆಯಲ್ಲಿ ತೆಂಡೆ, ಅಂದರೆ ಬುಡದ ಪಕ್ಕದ ಕವಲು, ಒಡೆಯುವ ಕಾಲವನ್ನು ತಿನ್ನುತ್ತದೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿಯೇ, ಏಕೆಂದರೆ ಇದಕ್ಕೆ ಆಮೇಲೆ ಮದ್ದಿಲ್ಲ.

ಈಗ ಹಳದಿ ಕಂಡು ಗಾಬರಿಯಿಂದ ಮತ್ತೆ ಯೂರಿಯಾ ಎರಚಬೇಡಿ. ನೀರನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿ. ಎರಡು ದಿನಕ್ಕೊಮ್ಮೆ ಬೇರೆಬೇರೆ ಕಡೆಯಿಂದ ಒಂದೆರಡು ಬುಡ ಮೆಲ್ಲಗೆ ಎತ್ತಿ ತೊಳೆದು ನೋಡಿ. ಬಿಳಿಯ ಹೊಸ ಬೇರು ಕಂಡ ಮೇಲೆಯೇ ಮೇಲುಗೊಬ್ಬರ ಕೊಡಿ.