ಕೋಷ್ಟಕ ಬಿಡಿ, ಸುರಂಗ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಅಲೆಗಳ ಅದ್ಭುತ ಲೋಕ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ, ಯಾಕೆಂದರೆ ನಾಲ್ಕನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ.

ಮೊದಲು ಬೈಗುಳ ಮುಗಿಸುತ್ತೇನೆ. ಶುರುವಿನ ಮೂರು ಪುಟ ಬರೀ ಪಠ್ಯಪುಸ್ತಕ. ಅಲೆ ಎಂದರೇನು, ಎಷ್ಟು ವಿಧ, ಯಾಂತ್ರಿಕ ಅಲೆಗೆ ಮಾಧ್ಯಮ ಬೇಕು, ವಿದ್ಯುತ್ಕಾಂತೀಯ ಅಲೆಗೆ ಬೇಡ, ಆಮೇಲೆ ಎರಡು ಕಾಲಮ್ಮಿನ ಒಂದು ಕೋಷ್ಟಕ. ಇದನ್ನು ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಫೋನು ಹಿಡಿದು ಓದುವ ನಮ್ಮ ಓದುಗರು ಯಾಕೆ ಓದಬೇಕು?

ತಪ್ಪುಗಳೂ ಇವೆ. ‘ಅಲೆಯು ಆಫ್ರಿಕಾದ ನೀರನ್ನು ಹೊತ್ತು ತಂದು ಜುಹು ದಂಡೆಗೆ ಸುರಿಯುತ್ತದೆ’ ಅಂತ ಬರೆದಿದ್ದೀರಿ. ಕೇಳಲು ಚೆಂದ, ಆದರೆ ಸುಳ್ಳು. ದಡದಿಂದ ಸ್ವಲ್ಪ ಆಚೆ ತೇಲುವ ತೆಂಗಿನಕಾಯಿ ನೋಡಿ (ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರಲ್ಲ, ಆಗ ಬೇಕಾದಷ್ಟು ಸಿಗುತ್ತವೆ). ಅಲೆ ಬಂದಾಗ ಮೇಲೇಳುತ್ತದೆ, ತುಸು ಮುಂದೆ ಸರಿಯುತ್ತದೆ, ಇಳಿದು ಹಿಂದೆ ಬರುತ್ತದೆ, ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನೀರೂ ಹಾಗೇ ಸುತ್ತುತ್ತದೆ. ದೂರದಿಂದ ಬರುವುದು ನೀರಲ್ಲ, ಶಕ್ತಿ.

ಇನ್ನೊಂದು ಕಡೆ ಆಕಾಶವಾಣಿಯ ಶಬ್ದ ಗಾಳಿಯಲ್ಲಿ ತೇಲಿ ಪುಣೆಗೆ ಬರುತ್ತದೆ ಅಂದಿದ್ದೀರಿ. ಲೆಕ್ಕ ಹಾಕಿ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಮುಂಬೈ–ಪುಣೆ ನೇರ ದೂರ ಸುಮಾರು 120 ಕಿಲೋಮೀಟರ್, ಅಂದರೆ ಮುಂಬೈಯಲ್ಲಿ ಓದಿದ ವಾರ್ತೆ ಪುಣೆಯಲ್ಲಿ ಕೇಳಿಸಲು ಆರು ನಿಮಿಷ ಬೇಕಾಗುತ್ತಿತ್ತು. ರೇಡಿಯೋ ಅಲೆ ಬೆಳಕಿನ ಜಾತಿಯದು, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದಕ್ಕೆ ಅರ್ಧ ಮಿಲಿಸೆಕೆಂಡೂ ಬೇಡ. ಈಥರ್ (ಬೆಳಕು ಸಾಗಲು ಬೇಕೆಂದು ಹಿಂದೆ ಊಹಿಸಿದ್ದ ಮಾಧ್ಯಮ) ಕುರಿತ ಪ್ಯಾರಾ ಪೂರ್ತಿ ತೆಗೆಯಿರಿ. 1887ರಲ್ಲಿ ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಮಾರ್ಲೆ ಹುಡುಕಿದಾಗಲೇ ಅದರ ಸುಳಿವು ಸಿಗಲಿಲ್ಲ.

ಈಗ ನಾಲ್ಕನೇ ಪುಟ. ‘ಪುಣೆಯಿಂದ ದಾದರ್‌ಗೆ ಬರುವಾಗ ಘಾಟಿನ ಸುರಂಗದಲ್ಲಿ ಫೋನು ಕಟ್ಟಾಗುತ್ತದೆ, ರೈಲಿನ ಗದ್ದಲ ಮಾತ್ರ ಜಾಸ್ತಿಯಾಗುತ್ತದೆ.’ ಇಷ್ಟು ಬರೆದು ಮುಂದೆ ಓಡಿಬಿಟ್ಟಿದ್ದೀರಿ! ಅಲ್ಲೇ ನಿಲ್ಲಬೇಕಿತ್ತು. ನಿಮ್ಮ ಕೋಷ್ಟಕದ ಎರಡು ಕಾಲಮ್ಮುಗಳನ್ನು, ಅಂದರೆ ಗದ್ದಲದ ಯಾಂತ್ರಿಕ ಅಲೆಯನ್ನೂ ಫೋನಿನ ವಿದ್ಯುತ್ಕಾಂತೀಯ ಅಲೆಯನ್ನೂ, ಆ ಘಾಟಿನ ಖಂಡಾಲದ ಬಂಡೆ ತಾನೇ ಬೇರೆ ಮಾಡಿ ತೋರಿಸುತ್ತಿದೆ ಅಲ್ವಾ?

ಇನ್ನೂ ಕೆದಕಿ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ರೇಡಿಯೋ ಹಾಕಿಕೊಂಡು ಸುರಂಗಕ್ಕೆ ಹೋದರೆ ಎಎಂ ಸ್ಟೇಷನ್ ಬಾಯಲ್ಲೇ ಸಾಯುತ್ತದೆ, ಎಫ್‌ಎಂ ಸ್ವಲ್ಪ ಒಳಗಿನವರೆಗೂ ಬರುತ್ತದೆ. ಯಾಕೆ? 1000 ಕಿಲೋಹರ್ಟ್ಸ್‌ನ ಎಎಂ ಅಲೆಯ ಉದ್ದ 300 ಮೀಟರ್. 100 ಮೆಗಾಹರ್ಟ್ಸ್‌ನ ಎಫ್‌ಎಂ ಅಲೆಯದು 3 ಮೀಟರ್. ತನಗಿಂತ ತುಂಬಾ ಚಿಕ್ಕ ಬಾಯಿಯೊಳಗೆ ರೇಡಿಯೋ ಅಲೆ ನುಗ್ಗುವುದಿಲ್ಲ. ಫೋನಿನ ಅಲೆ ಇನ್ನೂ ಗಿಡ್ಡ, 900 ಮೆಗಾಹರ್ಟ್ಸ್‌ನಲ್ಲಿ 33 ಸೆಂಟಿಮೀಟರ್. ಅದು ಬಾಯಿ ದಾಟಿ ಒಳಗೆ ಬರುತ್ತದೆ, ಆದರೆ ತಿರುವಿನಲ್ಲಿ ಬಂಡೆ ಅದನ್ನು ನುಂಗಿಬಿಡುತ್ತದೆ.

ಶಬ್ದಕ್ಕೆ ಈ ಬಾಯಿಯ ಕಾಟವೇ ಇಲ್ಲ. 20 ಹರ್ಟ್ಸ್‌ನ ಗುಡುಗುಡು ಶಬ್ದದ ಅಲೆ 17 ಮೀಟರ್ ಉದ್ದ, ರೈಲು ಸುರಂಗದ ಅಗಲಕ್ಕಿಂತ ಜಾಸ್ತಿ, ಆದರೂ ಆರಾಮಾಗಿ ಸಾಗುತ್ತದೆ. ಅಲ್ಲಿ ಮುಂದೆ–ಹಿಂದೆ ತಳ್ಳಾಡುವುದು ಗಾಳಿಯೇ, ಮತ್ತು ಗಾಳಿ ಸುರಂಗದ ತುಂಬಾ ಇದೆ. ಗೋಡೆಗಳು ಅದನ್ನು ವಾಪಸ್ ಎಸೆಯುವುದರಿಂದ ಗದ್ದಲ ಹೊರಗೆ ಹಂಚಿಹೋಗದೆ ನಿಮ್ಮ ಕಿವಿಗೇ ಬೀಳುತ್ತದೆ. ಹಳಿಯಲ್ಲಂತೂ ಅದೇ ಸದ್ದು ಸೆಕೆಂಡಿಗೆ 5 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ.

ಕೊನೆಯ ಪುಟದಲ್ಲಿ ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಹೋಗಿ ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವ ಜಿಎಂಆರ್‌ಟಿ ದೂರದರ್ಶಕ ನೋಡಿದ್ದನ್ನು ಹೇಳಿದ್ದೀರಿ. 45 ಮೀಟರ್ ಅಗಲದ 30 ತಟ್ಟೆಗಳು, ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಕಟ್ಟಿಸಿದ್ದು, ‘ಭವ್ಯ’, ‘ರೋಮಾಂಚನ’. ರೋಮಾಂಚನ ಬಿಡಿ, ತಟ್ಟೆಯ ಮೂಲಕ ಆಕಾಶ ಕಾಣಿಸಿತಲ್ಲ, ಅದನ್ನು ಯಾಕೆ ಬರೆಯಲಿಲ್ಲ? ಅದು ತಗಡಲ್ಲ, ಉಕ್ಕಿನ ತಂತಿಯ ಜಾಲರಿ. ಅದರ ಕಣ್ಣುಗಳು ಒಂದೆರಡು ಸೆಂಟಿಮೀಟರಿನಷ್ಟು ಅಗಲದ ತೂತುಗಳು. ಆಕಾಶದ ಹೈಡ್ರೋಜನ್‌ನಿಂದ ಬರುವ 21 ಸೆಂಟಿಮೀಟರ್ ರೇಡಿಯೋ ಅಲೆಗೆ ಅದು ತೂತೇ ಅಲ್ಲ, ಗಟ್ಟಿ ಕನ್ನಡಿ. ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಗಿಡ್ಡ, ಆರಾಮಾಗಿ ದಾಟುತ್ತದೆ. ಗಾಳಿಯೂ ದಾಟುತ್ತದೆ, ಹಾಗಾಗಿ ಅಷ್ಟು ದೊಡ್ಡ ತಟ್ಟೆಗಳನ್ನು ಹಗುರವಾಗಿ, ಕಡಿಮೆ ಖರ್ಚಿನಲ್ಲಿ ನಿಲ್ಲಿಸಲು ಆಯಿತು. ಎಎಂ ಅಲೆಯನ್ನು ಹೊರಗೇ ನಿಲ್ಲಿಸಿದ ಸುರಂಗದ ಬಾಯಿ, ಆಕಾಶದ ಅಲೆಯನ್ನು ತಿರುಗಿಸಿ ಕಳಿಸುವ ಜಾಲರಿಯ ಕಣ್ಣು, ಎರಡೂ ಒಂದೇ ಕಥೆ. ಮೈಕ್ರೋವೇವ್ ಓವನ್ನಿನ ಬಾಗಿಲಿನ ಜಾಲರಿಯದೂ ಅದೇ, ಅಲ್ಲಿ ಅಲೆ 12 ಸೆಂಟಿಮೀಟರ್. ಈ ಮೂರು ನಿಮ್ಮ ಲೇಖನದಲ್ಲಿ ಮೂರು ದಿಕ್ಕಿಗೆ ಬಿದ್ದಿವೆ, ಓವನ್ ಅಂತೂ ಬರೀ ಪಟ್ಟಿಯೊಳಗಿನ ಒಂದು ಹೆಸರು.

ಹಾಗಾಗಿ ಸುರಂಗದಿಂದ ಶುರು ಮಾಡಿ, ಜಾಲರಿಗೆ ಬನ್ನಿ. ಎಕ್ಸ್‌ರೇ, ಭೂಕಂಪ, ಕವಿತೆಯ ಸಾಲುಗಳು ಎಲ್ಲ ಈ ಸಲ ಬೇಡ. ಎಂಟುನೂರು ಪದ ಸಾಕು. ಜಾಲರಿಯ ಹತ್ತಿರದ ಫೋಟೋ ಇದ್ದರೆ ಕಳಿಸಿ. ಇಲ್ಲದಿದ್ದರೆ ಮುಂದಿನ ಸಲ ಕ್ಯಾಮೆರಾ ತಗೊಂಡು ಹೋಗಿ, ಮೊಬೈಲ್ ಆಫ್ ಮಾಡಿಟ್ಟುಕೊಳ್ಳಿ. ನಿಮ್ಮ ಜೇಬಿನ ಫೋನು ಆ ತಟ್ಟೆಗಳಿಗೆ ಯಾವ ಗೆಲಾಕ್ಸಿಗಿಂತಲೂ ಜೋರಾಗಿ ಕೂಗುತ್ತದೆ. ಇದನ್ನೂ ಲೇಖನಕ್ಕೆ ಸೇರಿಸಬಹುದು.